ಒಂದು ಡಬ್ಬ ಮೈದಾ

ನನ್ನಜ್ಜ ರೈಟರ್ ಪಳಂಗಪ್ಪನಿಗೆ ಅಡುಗೆ ಬರುತ್ತಿರಲಿಲ್ಲ.
ಬಂಗಲೆಯ ಬಟ್ಲರ್ ಸವರಿಮುತ್ತುವಿಗೆ
ಅಕ್ಷರ ಬರುತ್ತಿರಲಿಲ್ಲ.
ಇಬ್ಬರೂ ಸೇರಿ ಒಂದು ಮಧ್ಯಾಹ್ನ
ಪಾಲಿಬೆಟ್ಟದ ತೋಟದಾಫೀಸಿನಲ್ಲಿ
ಚೆಕ್‌ರೋಲ್ ಪುಸ್ತಕದ ಕೊನೇ ಹಾಳೆಗೆ
ಹಣ್ಣಿನ ಕಾಫಿ ಕೇಕು ಇಳಿಸಿದರು.

ಮುಂದಿನ ಪುಟಗಳ ತುಂಬ ಆಳುಗಳು:
ಮಾದಿ ಅರ್ಧ ದಿನ. ಬೊಳಕ ಪೂರ್ತಿ.
ಚೋಮಿ, ಹೆರಿಗೆ, ಮೂರು ದಿನ ಕಟ್.
ಅದೇ ಕೈ, ಅದೇ ರೂಢಿ,
ಕೇಕಿಗೂ ಹಾಜರಿ ಹಾಕಿದ್ದಾನೆ ಅಜ್ಜ:
ಮೈದಾ ಒಂದು ಡಬ್ಬ, ಹಾಜರು.
ಮೊಟ್ಟೆ ನಾಲ್ಕು, ಹಾಜರು.
ಕಿತ್ತಳೆ ಎರಡು, ಸಿಪ್ಪೆ ಸಮೇತ ಹಾಜರು.
ಸಕ್ಕರೆ ಗೈರು. ರೇಷನ್. ಬದಲಿ ಆಳು ಬೆಲ್ಲ.
ಡಿಕಾಕ್ಷನ್ ಅರ್ಧ ಡಬ್ಬ.

ದೊರೆಸಾನಿಗೆ ತಂಗಿ ಕಳಿಸಿದ ಪತ್ರಿಕೆಯ ಚೂರಿನಲ್ಲಿ
ಕಾಫಿಯೇ ಇರಲಿಲ್ಲವಂತೆ.
ಕಾಫಿಯ ಜೊತೆ ತಿನ್ನಲಿಕ್ಕೆ ಕಾಫಿ ಕೇಕು, ಅಷ್ಟೆ.
ಅವಳು ಹೆಸರು ಓದಿದಳು,
ಸುತ್ತ ಎಂಟುನೂರು ಎಕರೆ ಗಿಡ ನೋಡಿಕೊಂಡೇ
ತಲೆ ನರೆತವನು
ಇದರಲ್ಲಿ ಕೇಳುವುದೇನಿದೆ ಎಂದು ಸುರಿದೇಬಿಟ್ಟ.
ಆ ತಪ್ಪಿಗೆ ಎಂಥ ಕಂದು ಬಣ್ಣ!
ಎಷ್ಟು ಡಿಸೆಂಬರುಗಳು ಅದರಲ್ಲಿ ಅದ್ದಿ ಎದ್ದವು.

ಅದೆಲ್ಲ ಸರಿ, ಯಾವ ಡಬ್ಬ?
ಅಜ್ಜ ಬರೆಯಲಿಲ್ಲ.
ಬರೆಯುವುದೇಕೆ,
ಡಬ್ಬ ಕಣ್ಣೆದುರಿಗೇ ಇತ್ತಲ್ಲ.

ಅಕ್ಕಿ ಅಳೆಯುವ ಪಾವು ಹಿಡಿದೆ, ಇಟ್ಟಿಗೆಯಾಯಿತು.
ಹಾಲಿನ ಪುಡಿಯ ಡಬ್ಬ ಹಿಡಿದೆ,
ನಡುವೆ ಕುಸಿದು ಕೆರೆಯಾಯಿತು.
ಮೂರನೆಯದನ್ನು ನಾಯಿ ಮೂಸಿ
ಬಹಳ ಹೊತ್ತು ನನ್ನ ಮುಖ ನೋಡಿತು.
ಗೋಣಿಕೊಪ್ಪದ ಸಂತೆಯಲ್ಲಿ ಹಳೇ ಪಾತ್ರೆಯ ಅದ್ರಾಮ
ಮೊದಲು ನಕ್ಕ, ಆಮೇಲೆ ಹೇಳಿದ:
ಸಿಗರೇಟಿನ ಡಬ್ಬ, ಅಕ್ಕಾ, ಐವತ್ತರದು.
ಬಂಗಲೆಗಳಲ್ಲಿ ಮೊಳೆಯಿಂದ ಸಾಸಿವೆವರೆಗೆ
ಎಲ್ಲಾ ಅದರಲ್ಲೇ ಅಳೆಯೋದು.

ಅಮ್ಮತ್ತಿಯ ಲೈನ್‌ಮನೆಯ ಹಿಂದೆ
ಸವರಿಮುತ್ತುವಿನ ಮೊಮ್ಮಗಳು ಆರೋಗ್ಯಮೇರಿ
ಕೋಳಿಗಳಿಗೆ ಕಾಳು ಚೆಲ್ಲುತ್ತಿದ್ದಳು,
ಕೈಯಲ್ಲಿ ಅದೇ ಡಬ್ಬ.
ಬಣ್ಣವೆಲ್ಲ ಹೋಗಿ ತಗಡು ಉಳಿದಿದೆ,
ಮಧ್ಯಕ್ಕೆ ಸರಿಯಾಗಿ ಒಂದು ನೆಗ್ಗು.
ಬಿದ್ದು ನೆಗ್ಗಿತೇ ಅಂದೆ.
ಇಲ್ಲ, ತಾತ ಸುತ್ತಿಗೆಯಲ್ಲಿ ಹೊಡೆದದ್ದು,
ಅರ್ಧ ಅಂದರೆ ಇಲ್ಲಿವರೆಗೆ.

ಹೆಬ್ಬೆರಳು ಇಟ್ಟು ನೋಡಿದೆ.
ಸವರಿಮುತ್ತು ಬರೆದದ್ದು ಇದೊಂದೇ.

ಡಬ್ಬ ಕೊಡಲ್ಲ, ಅಂದಳು, ಅಳತೆ ಬೇಕಾದರೆ ತಗೊಳ್ಳಿ.
ಹಾಗಾಗಿ ಅವಳ ಅಂಗಳದಲ್ಲೇ ಒಲೆ.
ಸೀಮೆಎಣ್ಣೆ ಟಿನ್ನಿನೊಳಗೆ ಮರಳು,
ಮೇಲೂ ಕೆಂಡ, ಕೆಳಗೂ ಕೆಂಡ.
ನಮ್ಮ ಕಿತ್ತಳೆ ಮರಗಳು ರೋಗ ಬಂದು
ಎಂದೋ ಸೌದೆಯಾದವು;
ಬೇಲಿಯ ಕೈಪುಳಿ ಹಿಂಡಿದೆವು,
ಅನಾನಸು ಹೆಚ್ಚಿದೆವು, ಒಣದ್ರಾಕ್ಷಿ ಅವಳ ಕಡೆಯಿಂದ.
ಡಿಕಾಕ್ಷನ್ ನೆಗ್ಗಿನವರೆಗೆ.

ಪರಿಮಳ ಎದ್ದಿತು. ಇಳಿಸೋಣವೇ ಅಂದೆ.
ಇನ್ನೈದು ನಿಮಿಷ, ಅಂದಳು ಮೇರಿ,
ತಳ ಸೀಯಲಿ.
ಬಂಗಲೆಯಿಂದ ನಮ್ಮ ಮನೆಗೆ ಬರುತ್ತಿದ್ದುದು
ಸೀದ ತಳ ಮಾತ್ರ,
ತಾತ ಕೆರೆದು ಎಲೆಯಲ್ಲಿ ಸುತ್ತಿ ತರೋರು.
ಅಮ್ಮನಿಗೆ ಕೇಕು ಅಂದರೆ ಅದೇ ರುಚಿ,
ನನಗೂ.

ಕೆಂಡ ಸರಿಸಲು ಹೋದ ಕೈ ಹಿಂದೆ ತಂದೆ.
ಕೋಳಿಗಳು ಬಂದು ಸುತ್ತ ನಿಂತವು.

ರಾತ್ರಿ ಚೆಕ್‌ರೋಲ್ ತೆರೆದು
ಅಜ್ಜನ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ:
ಕಿತ್ತಳೆ ಗೈರು. ಬದಲಿ ಕೈಪುಳಿ.
ಡಬ್ಬ, ಅಮ್ಮತ್ತಿಯಲ್ಲಿ, ಆರೋಗ್ಯಮೇರಿಯ ಹತ್ತಿರ.
ಐದು ನಿಮಿಷ ಹೆಚ್ಚು.
ಯಾಕೆಂದು ಬರೆಯಲು ಹೋದೆ,
ಹಾಳೆಯಲ್ಲಿ ಜಾಗ ಮುಗಿದಿತ್ತು.